ನಾಲ್ಕನೇ ಜ್ವರದ ಮಧ್ಯಾಹ್ನ

ಇಂದು ಭಾನುವಾರವಲ್ಲ, ಹಬ್ಬದ ದಿನವೂ ಅಲ್ಲ. ಆದರೂ ಮಧ್ಯಾಹ್ನದ ಈ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಎಚ್ಚರವಾಗಿರುವವನು ನಾನೊಬ್ಬನೇ. ಅತ್ತೆ ನಡುಮನೆಯ ತಣ್ಣನೆಯ ನೆಲದ ಮೇಲೆ ತೋಳನ್ನೇ ದಿಂಬು ಮಾಡಿಕೊಂಡು ಮಲಗಿದ್ದಾರೆ. ಮಾವನವರು ಜಗಲಿಯ ಮಂಚದ ಮೇಲೆ ಮುಖಕ್ಕೆ ಟವೆಲ್ಲು ಹೊದ್ದುಕೊಂಡಿದ್ದಾರೆ. ಹೆಂಡತಿ ಒಳಕೋಣೆಯ ಚಾಪೆಯಲ್ಲಿ, ವಾರವೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ದು ಕಪ್ಪಾದ ಬೆರಳುಗಳನ್ನು ಕೆನ್ನೆಯಡಿಗೆ ಇಟ್ಟುಕೊಂಡು ನಿದ್ದೆ ಹೋಗಿದ್ದಾಳೆ. ಕೆಂಚನೆಂಬ ನಮ್ಮ ನಾಟಿ ನಾಯಿ ಹೊಂಗೆಮರದ ಬುಡದಲ್ಲಿ ತಾನೇ ತೋಡಿಕೊಂಡ ಗುಂಡಿಯಲ್ಲಿದ್ದಾನೆ. ಬೆಳ್ಳಿಯೆಂಬ ಬೆಕ್ಕು ಮಡಿಸಿಟ್ಟ ಗೋಣಿಚೀಲಗಳ ಮೇಲಿದೆ. ಅಂಗಳದಾಚೆಯ ಹುಳುಮನೆಯಲ್ಲಿ ಎಂಬತ್ತು ಸಾವಿರಕ್ಕೂ ಮಿಕ್ಕ ರೇಷ್ಮೆ ಹುಳುಗಳು ತಲೆಯೆತ್ತಿ, ಅಲ್ಲಾಡದೆ, ಏನನ್ನೂ ತಿನ್ನದೆ ಕೂತಿವೆ. ಅವು ನಾಲ್ಕನೇ ಜ್ವರಕ್ಕೆ ಕೂತಿವೆಯಾದ್ದರಿಂದಲೇ ಉಳಿದವರೆಲ್ಲ ಮಲಗಿರುವುದು.

ಶಿಡ್ಲಘಟ್ಟದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಸೀಮೆಯ ಓದುಗರಿಗಾಗಿ ಹೇಳುತ್ತೇನೆ. ಹುಳು ಸಾಕುವವರ ಮಾತಿನಲ್ಲಿ ಜ್ವರವೆಂದರೆ ಪೊರೆ ಬಿಡುವ ಹೊತ್ತು. ಮೊಟ್ಟೆಯೊಡೆದು ಬಂದಾಗ ಇರುವೆಮರಿಯಷ್ಟೇ ಇರುವ ಹುಳು ಸುಮಾರು 25 ದಿನಗಳಲ್ಲಿ ತನ್ನ ತೂಕವನ್ನು ಹತ್ತು ಸಾವಿರ ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಚರ್ಮ ಅಷ್ಟು ಹಿಗ್ಗುವುದಿಲ್ಲವಾಗಿ, ನಡುವೆ ನಾಲ್ಕು ಬಾರಿ ಅದು ತಿನ್ನುವುದನ್ನು ನಿಲ್ಲಿಸಿ, ಸಣ್ಣ ಎಳೆಗಳಿಂದ ತನ್ನ ಹಳೆಯ ಪೊರೆಯನ್ನು ಹಾಸಿಗೆಗೆ ಬಿಗಿದುಕೊಂಡು, ತಲೆ ಮೇಲೆತ್ತಿ ಕೂತುಬಿಡುತ್ತದೆ. ಹತ್ತಿರದಿಂದ ನೋಡಿದರೆ ಹಳೆಯ ತಲೆಯ ಹಿಂದೆ ಹೊಸ ತಲೆ ಒತ್ತರಿಸಿಕೊಂಡು ಬರುತ್ತಿರುವುದು ಕಾಣುತ್ತದೆ. ಮೊದಲ ಮೂರು ಜ್ವರಗಳು ಸುಮಾರು ಒಂದು ದಿನ ಹಿಡಿದರೆ, ನಾಲ್ಕನೆಯದು ಅದಕ್ಕಿಂತ ಕೆಲವು ಗಂಟೆ ಹೆಚ್ಚೇ. ಆ ಹೊತ್ತಿನಲ್ಲಿ ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲ್ಲಾಡಿಸುವಂತಿಲ್ಲ. ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ, ಗಾಳಿಯಾಡುವಂತೆ ನೋಡಿಕೊಂಡು, ಬಾಗಿಲು ಎಳೆದುಕೊಂಡು ಹೊರಬರುವುದಷ್ಟೇ ನಮ್ಮ ಕೆಲಸ. ಪೊರೆ ಬಿಡುವಾಗ ಕದಲಿಸಿದ ಹುಳು ಅರ್ಧ ಪೊರೆಯಲ್ಲೇ ಸಿಕ್ಕಿಕೊಂಡು ಸಾಯುತ್ತದೆ.

ಕಾಯಿಲೆಯ ಹೆಸರನ್ನು ವಿಶ್ರಾಂತಿಗೆ ಯಾರು ಮೊದಲು ಇಟ್ಟರೋ. ದುಡಿದೇ ತಿನ್ನಬೇಕಾದ ಜನರಿಗೆ ಸುಮ್ಮನೆ ಕೂತ ಜೀವ ಕಾಯಿಲೆ ಬಿದ್ದಂತೆಯೇ ಕಂಡಿರಬೇಕು.

ನನ್ನ ಹುಟ್ಟೂರು ಚಿಕ್ಕಬಳ್ಳಾಪುರ ಪಟ್ಟಣ. ತಂದೆಯವರದು ದಿನಸಿ ಅಂಗಡಿ, ನನ್ನದು ಬಿ.ಕಾಂ. ಮುಗಿಸಿ ಯಲಹಂಕದ ಕಡೆಯ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಕೋಲಾರದಿಂದ ಬೇರ್ಪಟ್ಟು ನಮ್ಮದೇ ಜಿಲ್ಲೆಯಾಗಿ ನಾಲ್ಕು ವರ್ಷ ಕಳೆದಿತ್ತು. 2011 ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಈ ಮನೆಯ ಹುಡುಗಿಯನ್ನು ನೋಡಿ ಒಪ್ಪಿದಾಗ ಹುಳು ಸಾಕಣೆಯ ಗಂಧಗಾಳಿಯೂ ನನಗಿರಲಿಲ್ಲ. ಗಂಧವೆಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ನಿಶ್ಚಿತಾರ್ಥವಾದ ಎರಡನೆಯ ವಾರ, ಯಾವುದೋ ನೆಪ ಹೇಳಿ, ಇಸ್ತ್ರಿ ಮಾಡಿದ ಅಂಗಿಗೆ ಧಾರಾಳವಾಗಿ ಸೆಂಟು ಹೊಡೆದುಕೊಂಡು ಬೈಕಿನಲ್ಲಿ ಇಲ್ಲಿಗೆ ಬಂದೆ. ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿಬಂದು, "ಅಯ್ಯೋ, ಅಲ್ಲೇ ನಿಂತ್ಕೊಳ್ಳಿ ಅಳಿಯಂದ್ರೇ, ಒಳಗೆ ಹುಳ ಐತೆ" ಎಂದು ತಡೆದರು. ಹುಳುಮನೆಯ ಹತ್ತಿರ ಅಗರಬತ್ತಿ ಹಚ್ಚುವುದಿಲ್ಲ, ಬೀಡಿ ಸೇದುವುದಿಲ್ಲ, ಒಗ್ಗರಣೆಯ ಘಾಟನ್ನು ಸಹ ಆ ಕಡೆಗೆ ಬಿಡುವುದಿಲ್ಲ ಎಂಬುದು ನನಗೆ ಆಗ ತಿಳಿಯಿತು. ಭಾವೀ ಅಳಿಯನೆಂಬ ದಾಕ್ಷಿಣ್ಯವನ್ನೂ ನೋಡದೆ ಬೋರ್‌ವೆಲ್ಲಿನ ತೊಟ್ಟಿಯ ಪಕ್ಕದಲ್ಲಿ ನನಗೆ ಸ್ನಾನ ಮಾಡಿಸಿ, ಮಾವನವರ ಪಂಚೆ ಮತ್ತು ಬನಿಯನ್ನು ಕೊಟ್ಟು ಜಗಲಿಯ ಮೇಲೆ ಕೂರಿಸಿದರು. ಬಾಗಿಲ ಸಂದಿಯಲ್ಲಿ ಬಾಯಿಗೆ ಕೈ ಅಡ್ಡವಿಟ್ಟು ನಗುತ್ತಿದ್ದ ಹುಡುಗಿಯನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ಹೆಣ್ಣು ನೋಡುವ ಶಾಸ್ತ್ರದ ದಿನ ನೋಡಿದ್ದು ಸೀರೆಯನ್ನು ಮಾತ್ರ.

ನಿಶ್ಚಿತಾರ್ಥಕ್ಕೂ ಮದುವೆಗೂ ನಡುವೆ ಎರಡು ಬೆಳೆಗಳಿದ್ದವು. "ಗೂಡು ಮಾರಿದ ಮೇಲೆ ಮುಹೂರ್ತ" ಎಂದು ಮಾವನವರು ಪುರೋಹಿತರಿಗಿಂತ ಮುಂಚೆಯೇ ತೀರ್ಮಾನಿಸಿಬಿಟ್ಟಿದ್ದರು. ಆ ಕಾಲದಲ್ಲಿ ಅವರು ಮೊಟ್ಟೆ ತಂದು ಮನೆಯಲ್ಲೇ ಚಾಕಿ ಕಟ್ಟುತ್ತಿದ್ದರಾದ್ದರಿಂದ (ಚಾಕಿಯೆಂದರೆ ಎಳೆಯ ಹುಳುಗಳ ಸಾಕಣೆ) ಒಂದು ಬೆಳೆಗೆ ನಾಲ್ಕು ಜ್ವರ, ಎರಡು ಬೆಳೆಗೆ ಎಂಟು. ಹುಳು ತಿನ್ನುತ್ತಿರುವ ದಿನಗಳಲ್ಲಿ ಅವಳಿಗೆ ಫೋನು ಹಿಡಿಯಲು ಕೈ ಬಿಡುವಿರುತ್ತಿರಲಿಲ್ಲ. ಎಳೆಯ ಹುಳುಗಳಿಗೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು, ತಟ್ಟೆಗಳನ್ನು ಚೊಕ್ಕ ಮಾಡಬೇಕು, ರಾತ್ರಿ ಎದ್ದು ನೋಡಬೇಕು. ಹುಳು ಜ್ವರಕ್ಕೆ ಕೂತ ದಿನ ಮಾತ್ರ ನನ್ನ ಮೊಬೈಲಿಗೆ ಒಂದು ಮಿಸ್ಡ್ ಕಾಲ್ ಬರುತ್ತಿತ್ತು. ಒಂದು ಬಾರಿ ಬಡಿದು ನಿಂತರೆ ಮಾತನಾಡಬಹುದು, ಎರಡು ಬಾರಿ ಬಡಿದರೆ ಊರಿಗೇ ಬರಬಹುದು. ಲೆಕ್ಕಪತ್ರಗಳ ನಡುವೆ ಕೂತು ನಾನು ಕ್ಯಾಲೆಂಡರಿನಲ್ಲಿ ಹುಳುಗಳ ವಯಸ್ಸನ್ನು ಗುರುತು ಹಾಕಿಕೊಳ್ಳುತ್ತಿದ್ದೆ. ಮಳೆ ಬಂದು ತಂಪಾದರೆ ಹುಳು ನಿಧಾನವಾಗಿ ಬೆಳೆಯುತ್ತದೆ, ಜ್ವರ ಅರ್ಧ ದಿನ ಮುಂದೆ ಹೋಗುತ್ತದೆ ಎಂಬುದನ್ನು ಕಲಿತು, ಬಯಲುಸೀಮೆಯಲ್ಲಿ ಹುಟ್ಟಿಯೂ ಮಳೆಯನ್ನು ಶಪಿಸಿದ ಪಾಪಿ ಬಹುಶಃ ನಾನೊಬ್ಬನೇ ಇರಬೇಕು.

ಅವುಗಳಲ್ಲಿ ಐದನೆಯ ಜ್ವರದಂದು, ಅವಳ ತಮ್ಮನನ್ನು ಜೊತೆಗಿಟ್ಟುಕೊಂಡು, ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿದ್ದೆವು. ಬೆಟ್ಟಕ್ಕೆ ಹೋಗೋಣವೆಂದು ನನ್ನ ಆಸೆಯಾಗಿತ್ತು. ಬೆಟ್ಟವೆಂದರೆ ಬೆಂಗಳೂರಿನ ಜೋಡಿಗಳು ಹೋಗುವ ಜಾಗವೆಂದು ಅತ್ತೆಯವರ ಅಭಿಪ್ರಾಯವಾಗಿತ್ತು. ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಕೂತಾಗ ತಮ್ಮ ಬಹಳ ದೊಡ್ಡ ಮನಸ್ಸು ಮಾಡಿ ಮೀನು ನೋಡಲು ಆಚೆ ಬದಿಗೆ ಹೋದ. ಕೆಳಗಿರುವವನು ಭೋಗನಂದೀಶ್ವರ, ಬೆಟ್ಟದ ಮೇಲಿರುವವನು ಯೋಗನಂದೀಶ್ವರ ಎಂದು ನನಗೆ ತಿಳಿದಿದ್ದ ಏಕೈಕ ಸಂಗತಿಯನ್ನು ಹೇಳಿದೆ. "ನಮ್ಮಪ್ಪ ಅದಕ್ಕೇ ಕೆಳಗಿನ ಗುಡಿಗೆ ಮಾತ್ರ ಹೂಂ ಅಂದಿರೋದು" ಎಂದಳು. ಆಮೇಲೆ ನಾನು ಅವಳ ಕೈ ಹಿಡಿಯಬಹುದೆಂದು ಧೈರ್ಯ ತಂದುಕೊಳ್ಳುವಷ್ಟರಲ್ಲಿ ಅವಳು ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದಳು. ಮೂರು ರಾತ್ರಿಗಳ ನಿದ್ದೆ ಬಾಕಿಯಿತ್ತಂತೆ. ಸಿನಿಮಾದಲ್ಲಿ ಇಂಥ ಹೊತ್ತಿಗೆ ಹಾಡು ಬರುತ್ತದೆ. ನನಗೆ ಬಂದದ್ದು, ಬಿಸಿಲು ಅವಳ ಮುಖಕ್ಕೆ ಬೀಳದಂತೆ ಮುಕ್ಕಾಲು ಗಂಟೆ ಒಂದೇ ಭಂಗಿಯಲ್ಲಿ ಕೂರುವ ಕೆಲಸ. ಕಾಲು ಜೋಮು ಹಿಡಿದು, ಎದ್ದಾಗ ಕುಂಟುತ್ತ ನಡೆದೆ. ಆ ಮುಕ್ಕಾಲು ಗಂಟೆಯನ್ನು ನಾನು ಪ್ರೇಮವೆಂದೇ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ; ಜಮೆಯ ಬದಿಯಲ್ಲಿ.

ಮದುವೆಯಾದ ಮೇಲೆ ಎಂಟು ವರ್ಷ ಚಿಕ್ಕಬಳ್ಳಾಪುರದಲ್ಲಿದ್ದೆವು. ಆ ವರ್ಷಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಬೆಳಗ್ಗೆ ಬಸ್ಸು, ರಾತ್ರಿ ಬಸ್ಸು, ನಡುವೆ ರಾಷ್ಟ್ರೀಯ ಹೆದ್ದಾರಿ 44. ಹೊರಡುವಾಗ ಅವಳ ನಿದ್ದೆ ಮುಗಿದಿರುತ್ತಿರಲಿಲ್ಲ, ಬರುವಾಗ ನನ್ನ ನಿದ್ದೆ ಶುರುವಾಗಿರುತ್ತಿತ್ತು. 2020 ರಲ್ಲಿ ಮಾವನವರು ಹುಳುಮನೆಯ ಅಟ್ಟಣೆಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅದೇ ಕಾಲಕ್ಕೆ ನಮ್ಮ ಕಚೇರಿಯವರೂ ಮನೆಯಿಂದಲೇ ಕೆಲಸ ಮಾಡಿ ಎಂದರು. ಹೀಗೆ ನಾವು ಇಲ್ಲಿಗೆ ಬಂದೆವು. ಕಚೇರಿ ಮತ್ತೆ ತೆರೆದ ಮೇಲೂ ವಾರಕ್ಕೆ ಮೂರು ದಿನ ಹೋಗಿ ಬರುವುದೆಂದು ಒಪ್ಪಂದವಾಗಿ, ಇಲ್ಲೇ ಉಳಿದೆವು.

ಈ ಎರಡು ಕೆಲಸಗಳನ್ನು ಒಂದೇ ಸೂರಿನಡಿ ನೋಡತೊಡಗಿದ ಮೇಲೆ ನನಗೆ ನನ್ನ ಕೆಲಸದ ಮೇಲೆ ಒಂದು ದೂರು ಹುಟ್ಟಿಕೊಂಡಿದೆ. ಹುಳು ಸಾಕಣೆ ಹಗುರವಾದ ಕೆಲಸವೆಂದು ನಾನು ಹೇಳುತ್ತಿಲ್ಲ. ನಾಲ್ಕನೇ ಜ್ವರ ಎದ್ದ ಹುಳು ಮುಂದಿನ ಏಳು ದಿನಗಳಲ್ಲಿ, ತನ್ನ ಇಡೀ ಆಯುಸ್ಸಿಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ತಿಂದು ಹಾಕುತ್ತದೆ. ಆ ವಾರ ಮನೆಯವರು ಊಟವನ್ನೂ ನಿಂತುಕೊಂಡೇ ಮಾಡುತ್ತಾರೆ. ಅಷ್ಟೂ ಹುಳುಗಳು ಒಟ್ಟಿಗೆ ಸೊಪ್ಪು ಕತ್ತರಿಸುವ ಸದ್ದನ್ನು ಎಲ್ಲರೂ ಮಳೆಗೆ ಹೋಲಿಸುತ್ತಾರೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ಧೂಳು ಬಂದದ್ದನ್ನು ಕಂಡ ಸೀಮೆಯವರಿಗೆ ಯಾವ ಸದ್ದು ಕೇಳಿದರೂ ಮಳೆ ನೆನಪಾಗುವುದು ಸಹಜವೇ ಸರಿ. ನಂದಿಬೆಟ್ಟದಲ್ಲಿ ಐದು ನದಿಗಳು ಹುಟ್ಟುತ್ತವೆಂದು ಶಾಲೆಯಲ್ಲಿ ಕಂಠಪಾಠ ಮಾಡಿದವರು ನಾವು, ಅವುಗಳಲ್ಲಿ ಒಂದರಲ್ಲೂ ವರ್ಷವಿಡೀ ನೀರು ಹರಿದದ್ದನ್ನು ನೋಡಿದವರಲ್ಲ. ಆದರೆ ಎಷ್ಟು ಕಠಿಣವಾದರೂ ಆ ಕೆಲಸಕ್ಕೆ ನಿಲ್ಲುವ ಜಾಗಗಳಿವೆ, ಆ ಜಾಗಗಳನ್ನು ಯಾರೂ ಕೇಳಿ ಪಡೆಯಬೇಕಾಗಿಲ್ಲ. ನನ್ನ ಕೆಲಸದಲ್ಲಿ ತಿಂಗಳ 11 ನೇ ತಾರೀಕಿಗೆ ಒಂದು ತೆರಿಗೆ ರಿಟರ್ನು, 20 ಕ್ಕೆ ಇನ್ನೊಂದು, 20 ಮುಗಿಯಿತೆಂದರೆ ಮತ್ತೆ 11. ಲೆಕ್ಕದ ಪುಸ್ತಕಕ್ಕೆ ಪೊರೆ ಬಿಡುವ ಅಭ್ಯಾಸವಿಲ್ಲ. ಒಮ್ಮೆ ಕಚೇರಿಯಲ್ಲಿ ವಿಶ್ರಾಂತಿಯ ಮಹತ್ವವನ್ನು ಕುರಿತು ಉಪನ್ಯಾಸವಿಟ್ಟಿದ್ದರು. ಇಟ್ಟದ್ದು ರಜೆಯಿದ್ದ ಶನಿವಾರ, ಹಾಜರಿ ಕಡ್ಡಾಯವಾಗಿತ್ತು.

ರಜೆಗೆಂದು ನಾನು ಕಂಡುಕೊಂಡ ದಾರಿಯೂ ಜ್ವರವೇ. "ಮನೆಯಲ್ಲಿ ಜ್ವರ" ಎಂದು ಬರೆದರೆ ಅದು ಸುಳ್ಳಲ್ಲ. ಕಚೇರಿಯ ಹಿರಿಯರೊಬ್ಬರು ಎರಡು ವರ್ಷಗಳ ಕಾಲ ಇದನ್ನು ನಂಬಿಕೊಂಡು, ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಮನೆಯವರನ್ನ ಒಮ್ಮೆ ಒಳ್ಳೆ ಡಾಕ್ಟರಿಗೆ ತೋರಿಸಿಬಿಡಿ, ತಿಂಗಳಿಗೆ ಎರಡು ಸಲ ಜ್ವರ ಬರೋದು ಸರಿಯಲ್ಲ" ಎಂದು ಕಳಕಳಿಯಿಂದ ಹೇಳಿದಾಗ ನಾಚಿಕೆಯಾಗಿ ನಿಜ ಹೇಳಿದೆ. ಅದಕ್ಕೂ ಮುಂಚೆ, 2020 ರ ಅಕ್ಟೋಬರಿನಲ್ಲಿ, ಮಾಸ್ಕು ಹಾಕಿಕೊಂಡು ಬಸ್ಸಿನಲ್ಲಿ ಬರುತ್ತಿದ್ದಾಗ ಹೆಂಡತಿಗೆ ಫೋನು ಮಾಡಿ, "ಎಲ್ಲಕ್ಕೂ ಜ್ವರ ಬಂತಾ? ಎಷ್ಟು ಹೊತ್ತಿಗೆ ಏಳಬಹುದು? ಎದ್ದ ಮೇಲೆ ಪುಡಿ ಹೊಡೆಯೋಣ" ಎಂದು ಕೇಳಿದ್ದೆ. ಫೋನು ಕೆಳಗಿಟ್ಟು ನೋಡಿದರೆ ನನ್ನ ಸೀಟು, ಹಿಂದಿನ ಸೀಟು, ಎದುರು ಸಾಲಿನ ಸೀಟು ಎಲ್ಲವೂ ಖಾಲಿ. ಕಂಡಕ್ಟರು ಟಿಕೆಟ್ಟಿನ ಚಿಲ್ಲರೆಯನ್ನು ದೂರದಿಂದ ಕೈ ಚಾಚಿ ಕೊಟ್ಟ. ದೇವನಹಳ್ಳಿಯಲ್ಲಿ ಹತ್ತಿದ, ಅದೇ ತಾಲ್ಲೂಕಿನ ವಿಜಯಪುರದ ರೈತರೊಬ್ಬರು ಇದನ್ನು ಕೇಳಿ ಬಿದ್ದು ಬಿದ್ದು ನಕ್ಕು, ಉಳಿದವರಿಗೆಲ್ಲ ಅರ್ಥ ಹೇಳಿ, ನನ್ನ ಪಕ್ಕದಲ್ಲೇ ಕೂತು, ತಮ್ಮ ಮನೆಯ ಹುಳು ಎಷ್ಟನೇ ಜ್ವರದಲ್ಲಿವೆಯೆಂಬ ವರದಿ ಕೊಟ್ಟರು.

ಸಾಕಿದ ಪ್ರಾಣಿಗಳ ಮಾತಿಗೆ ಬರುತ್ತೇನೆ. ಬೆಳ್ಳಿಯನ್ನು ನಾವು ಸಾಕಿದ್ದು ಮುದ್ದಿಗಾಗಿ ಅಲ್ಲ; ಹುಳುಮನೆಗೆ ಇಲಿ ನುಗ್ಗಿದರೆ ಒಂದೇ ರಾತ್ರಿಯಲ್ಲಿ ಲಾಭವೆಲ್ಲ ಹೋಗುತ್ತದೆ. ಇರುವೆಗೆ ಅಟ್ಟಣೆಯ ಕಾಲಿನಡಿ ನೀರಿನ ಬಟ್ಟಲು, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣಕ್ಕೆ ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ, ಇಲಿಗೆ ಬೆಳ್ಳಿ. ನೌಕರಿಯ ಮೇಲೆ ಬಂದದ್ದಾದರೂ ದಿನಕ್ಕೆ ಹದಿನಾಲ್ಕು ಗಂಟೆ ಮಲಗುತ್ತದೆ, ಅದಕ್ಕಾಗಿ ಯಾರಿಂದಲೂ ಅಪ್ಪಣೆ ಕೇಳುವುದಿಲ್ಲ. ಕೆಂಚ ಮಾತ್ರ ತಾನಾಗಿಯೇ ಬಂದವನು. ಸೊಪ್ಪಿನ ಹೊರೆ ಹೊತ್ತ ಟಿ.ವಿ.ಎಸ್. ಮೊಪೆಡ್ಡಿನ ಹಿಂದೆ ತೋಟದಿಂದ ಓಡಿಬಂದ ಮರಿ. ಹೆಂಡತಿ ತಟ್ಟೆಯಲ್ಲಿ ಉಳಿದಿದ್ದ ಮುದ್ದೆಯನ್ನು ಸಾರಿನಲ್ಲಿ ಕಲಸಿ ಹಾಕಿದಳು. ಅಷ್ಟಕ್ಕೇ ಅವನು ಮನೆಯವನಾದ. ನಾನು ಕಚೇರಿಯಿಂದ ಬರುವ ದಿನ ಕೊನೆಯ ಬಸ್ಸಿನ ಹಾರ್ನು ಕೇಳಿದೊಡನೆ ಎದ್ದು ಕ್ರಾಸಿನವರೆಗೆ ಬರುತ್ತಾನೆ, ನನ್ನನ್ನು ನೋಡಿ ಬಾಲವಾಡಿಸುವ ಗೋಜಿಗೆ ಹೋಗದೆ, ಲೆಕ್ಕ ಸರಿಯಾಯಿತೆಂಬಂತೆ ತಿರುಗಿ ಮುಂದೆ ಮುಂದೆ ನಡೆಯುತ್ತಾನೆ.

ಈ ಕೆಂಚನ ಮೇಲಿನ ಪ್ರೀತಿಯೇ ಒಮ್ಮೆ ನಮ್ಮ ಬೆಳೆಗೆ ಮುಳುವಾಯಿತು. ಎರಡು ವರ್ಷದ ಹಿಂದೆ, ಮಳೆಗಾಲ ಕಳೆದ ಮೇಲೆ, ಅವನ ಕಿವಿಯ ಒಳಗೂ ಕಾಲ್ಬೆರಳಿನ ಸಂದಿಗಳಲ್ಲೂ ಉಣ್ಣಿ ಕಚ್ಚಿಕೊಂಡಿದ್ದವು. ಪೇಟೆಯಿಂದ ಉಣ್ಣಿಯ ಪುಡಿ ತಂದು, ಹುಳುಮನೆಯಿಂದ ದೂರವಿರಲೆಂದು ತಿಪ್ಪೆಯ ಹತ್ತಿರ ಅವನನ್ನು ಕಟ್ಟಿ, ಮೈಗೆಲ್ಲ ಸವರಿದೆ. ಸೋಪು ಹಾಕಿ ಕೈ ತೊಳೆದೆ. ಲುಂಗಿ ಮಾತ್ರ ಬದಲಿಸಲಿಲ್ಲ. ಸಂಜೆ ಹೆಂಡತಿಗೆ ಸಹಾಯ ಮಾಡುವ ಉತ್ಸಾಹದಲ್ಲಿ ಸೊಪ್ಪಿನ ಕಟ್ಟನ್ನು ತೊಡೆಯ ಮೇಲಿಟ್ಟು ಬಿಚ್ಚಿ, ಕಡ್ಡಿಗಳನ್ನು ಅಟ್ಟಣೆಯ ತುದಿಯ ಅಂಕಣದಲ್ಲಿ ಹರಡಿದೆ. ಅಂಥ ಪುಡಿಗಳಲ್ಲಿರುವುದು ಬಹುಮಟ್ಟಿಗೆ ಕೀಟ ಕೊಲ್ಲುವ ಔಷಧಿಯೇ. ಉಣ್ಣಿಗೆ ಚಿಟಿಕೆ ಬೇಕಾದರೆ ರೇಷ್ಮೆ ಹುಳುವಿಗೆ ಅದರ ಸೋಂಕು ಸಾಕು. ಸೊಳ್ಳೆಬತ್ತಿಯನ್ನು ಕೂಡ ನಾವು ಮನೆಯೊಳಗೆ ತರದಿರುವುದು ಅದೇ ಕಾರಣಕ್ಕೆ. ತಿಳಿದಿದ್ದೂ ಮರೆತೆ. ಬೆಳಗ್ಗೆ ನೋಡಿದಾಗ ಆ ಅಂಕಣದ ಹುಳುಗಳು ಹಸಿರು ರಸ ಕಕ್ಕಿಕೊಂಡು, ಮೈ ಮುದುಡಿ ಅರ್ಧಕ್ಕರ್ಧ ಗಿಡ್ಡವಾಗಿ, ತಲೆಯನ್ನು ಅತ್ತಿಂದಿತ್ತ ಹೊರಳಿಸುತ್ತಿದ್ದವು. ಕೆಲವು ಸತ್ತಿದ್ದವು. ಉಳಿದವು ಸಾಯಲು ಮಧ್ಯಾಹ್ನದವರೆಗೆ ಹೊತ್ತು ತೆಗೆದುಕೊಂಡವು.

ಮಾವನವರು ಪಕ್ಕದ ದ್ರಾಕ್ಷಿ ತೋಟದವರು ಔಷಧಿ ಹೊಡೆದದ್ದು ಗಾಳಿಗೆ ಬಂದಿರಬಹುದೆಂದು ಅನುಮಾನಿಸಿದರು. ನಮ್ಮ ಕಡೆ ದ್ರಾಕ್ಷಿಗೂ ಗುಲಾಬಿಗೂ ಸಿಂಪಡಿಸಿದ ಔಷಧಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದು ಬೆಳೆ ಹೋಗುವುದು ಹೊಸದೇನಲ್ಲ. ಜಗಳಕ್ಕೆ ಹೊರಡಲು ಊರುಗೋಲನ್ನೂ ಕೈಗೆತ್ತಿಕೊಂಡಿದ್ದರು. ಹೆಂಡತಿ ಏನೂ ಹೇಳದೆ ಒಳಗೆ ಹೋಗಿ ಹಗ್ಗದ ಮೇಲಿದ್ದ ನನ್ನ ಲುಂಗಿಯನ್ನು ತಂದು, ಮೂಸಿ ನೋಡಿ, ಅಂಗಳದ ನಡುವೆ ಇಟ್ಟಳು. ಅಷ್ಟು ಚೆನ್ನಾಗಿ ಮಂಡಿಸಿದ ತನಿಖಾ ವರದಿಯನ್ನು ನನ್ನ ಹದಿನೈದು ವರ್ಷದ ಲೆಕ್ಕಪರಿಶೋಧನೆಯ ಅನುಭವದಲ್ಲಿ ನಾನು ಕಂಡಿಲ್ಲ. ಆಮೇಲೆ ಮೂರು ದಿನ ಅವಳು ನನ್ನೊಡನೆ ಮಾತನಾಡಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಪ್ರಾಯಶ್ಚಿತ್ತವೆಂದು ನಾನು ಕೆಲಸಕ್ಕೆ ಬಿದ್ದೆ. ರಾತ್ರಿ ಎರಡಕ್ಕೆ ಎದ್ದು ಸುಣ್ಣ ಉದುರಿಸಿದೆ, ಐದಕ್ಕೆ ತೋಟಕ್ಕೆ ಹೋಗಿ ಹೊರೆಗಟ್ಟಲೆ ಸೊಪ್ಪು ಕೊಯ್ದೆ, ಕಸ ಬಳಿದೆ, ಯಾರೂ ಕೇಳದಿದ್ದರೂ ತೊಟ್ಟಿ ತೊಳೆದೆ, ನಡುವೆ ಕಚೇರಿಯ ರಿಟರ್ನನ್ನೂ ಕಳಿಸಿದೆ. ಉಳಿದ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತವು. ಮರುದಿನ ಅರ್ಧದಷ್ಟು ಎದ್ದು, ಹೊಸ ಚರ್ಮದಲ್ಲಿ ಬೆಳ್ಳಗೆ, ಅಗಲವಾದ ಮುಖದೊಂದಿಗೆ ಸೊಪ್ಪಿಗಾಗಿ ತಲೆಯಾಡಿಸುತ್ತಿದ್ದುದನ್ನು ನೋಡಿ, ಹಸಿದಿವೆಯಲ್ಲ ಎಂದು ಕನಿಕರಪಟ್ಟು ಸೊಪ್ಪಿನ ಕಡ್ಡಿಯನ್ನು ಎತ್ತಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ಓಡಿಬಂದು ಕೈ ಹಿಡಿದರು. "ಬೇಡ ಕಣಪ್ಪ. ಎದ್ದಿರೋದು ಕಾಯುತ್ತೆ. ಮಲಗಿರೋದು ಸೊಪ್ಪಿನಡಿಗೆ ಸಿಕ್ಕಿ ಹೋಗುತ್ತೆ." ಎದ್ದ ಹುಳು ಕೆಲವು ಗಂಟೆ ಹಸಿವು ತಡೆಯುತ್ತದೆ, ನೂರಕ್ಕೆ ತೊಂಬತ್ತೈದು ಏಳುವವರೆಗೆ ಕಾಯದೆ ಸೊಪ್ಪು ಕೊಟ್ಟರೆ ಕೆಲವು ದೊಡ್ಡವಾಗಿ ಕೆಲವು ಸಣ್ಣವಾಗಿ, ಇಡೀ ಬೆಳೆ ಹಿಂದುಮುಂದಾಗುತ್ತದೆ. ನನ್ನ ಕೈಯಿಂದ ಕಡ್ಡಿಯನ್ನು ತೆಗೆದುಕೊಂಡ ಅತ್ತೆ, ಕಣ್ಣಿನಿಂದ ಅಡುಗೆಮನೆಯ ಕಡೆಗೆ ತೋರಿಸಿ, "ಅದನ್ನೂ ಅಷ್ಟೇ" ಎಂದರು. ಅಡುಗೆಮನೆಯಲ್ಲಿ ಹೆಂಡತಿ ಅವರೆಕಾಯಿ ಬಿಡಿಸುತ್ತಿದ್ದಳು.

ಅಂದು ನಾನು ಜಗಲಿಯ ಮೇಲೆ ಹೋಗಿ ಕೂತೆ. ಪುಡಿಯ ವಾಸನೆ ಹೋಗುವವರೆಗೆ ಮನೆಯಿಂದ ಬಹಿಷ್ಕೃತನಾಗಿದ್ದ ಕೆಂಚ ಬೇಲಿಯಾಚೆಯಿಂದ ನನ್ನನ್ನೇ ನೋಡುತ್ತಿದ್ದ. ಸಂಜೆ ಅವಳು ಎರಡು ಲೋಟ ಕಾಫಿ ಹಿಡಿದು ಬಂದು, ನನ್ನಿಂದ ಸ್ವಲ್ಪ ದೂರದಲ್ಲಿ ಕೂತು, "ಆ ಲುಂಗಿ ಸುಟ್ಟುಹಾಕಿದೆ" ಎಂದಳು. ಆಮೇಲೆ, "ಅದು ಹೆಂಗಿದ್ರೂ ಚೆನ್ನಾಗಿರಲಿಲ್ಲ" ಎಂದಳು. ಉಳಿದ ಬೆಳೆ ಚೆನ್ನಾಗಿಯೇ ಬಂತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಇ-ಹರಾಜಿನ ದರ ಮೊಬೈಲಿಗೆ ಬಂದಾಗ ಮಾವನವರು ಅದನ್ನು ನನಗೆ ತೋರಿಸುವ ಬದಲು ಕೆಂಚನ ಮೂತಿಯ ಮುಂದೆ ಹಿಡಿದು, "ನೋಡಪ್ಪ, ನಿನ್ನ ಉಣ್ಣಿ ಲೆಕ್ಕ ಇದರಲ್ಲಿ ಕಳೀಬೇಕು" ಎಂದರು.

ಇನ್ನೊಂದು ಸಂಗತಿಯನ್ನು ಇಲ್ಲಿ ಬರೆಯದಿರಲಾರೆ. ಹುಳು ಹಣ್ಣಾದ ಮೇಲೆ, ಅಂದರೆ ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ಸಿದ್ಧವಾದ ಮೇಲೆ, ಚಂದ್ರಿಕೆಯೆಂಬ ಗೂಡು ಕಟ್ಟುವ ತಟ್ಟಿಗೆ ಬಿಡುತ್ತೇವೆ. ತಲೆಯನ್ನು ಎಂಟರ ಅಂಕಿಯಂತೆ ತಿರುಗಿಸುತ್ತ ಎರಡು ಮೂರು ದಿನಗಳಲ್ಲಿ ಅದು ಗೂಡು ಕಟ್ಟಿ ಮುಗಿಸುತ್ತದೆ. ಐದಾರು ದಿನಕ್ಕೆ ಬಿಡಿಸಿ ಮಾರುತ್ತೇವೆ. ಗೂಡು ನೂಲಾಗಬೇಕಾದರೆ ಒಳಗಿನ ಜೀವ ಬಿಸಿಯಲ್ಲಿ ಬೇಯಲೇಬೇಕು. ಆದ್ದರಿಂದ ಜೀವಮಾನವೆಲ್ಲ ಹುಳು ಸಾಕಿದ ಮನೆಗಳಲ್ಲಿ ಚಿಟ್ಟೆಯನ್ನು ನೋಡುವುದೇ ಅಪರೂಪ. ಹೋದ ಬೆಳೆಯಲ್ಲಿ ಚಂದ್ರಿಕೆಯ ಮೂಲೆಯಲ್ಲಿ ಕಣ್ತಪ್ಪಿ ಉಳಿದಿದ್ದ ಒಂದು ಗೂಡು, ಚಂದ್ರಿಕೆಯನ್ನು ಬಿಸಿಲಿಗೆ ಹಾಕುವ ಮುಂಚೆ ಒಂದು ಬೆಳಗ್ಗೆ ತುದಿಯಲ್ಲಿ ಒದ್ದೆಯಾಗಿ, ಸುಣ್ಣದ ಬಣ್ಣದ ದಪ್ಪನೆಯ ಚಿಟ್ಟೆಯೊಂದು ಹೊರಗೆ ಬಂತು. ಅದಕ್ಕೆ ರೆಕ್ಕೆಗಳಿವೆ, ಹಾರಲಾರದು. ಬಾಯಿಯಿದೆ ಎನ್ನುವುದಕ್ಕೂ ಇಲ್ಲ, ಏನನ್ನೂ ತಿನ್ನುವುದಿಲ್ಲ. ಉಳಿದ ಕೆಲವೇ ದಿನಗಳಲ್ಲಿ ಅದಕ್ಕಿರುವ ಕೆಲಸವೆಂದರೆ ಜೊತೆಗಾರನನ್ನು ಕರೆಯುವುದು, ಮೊಟ್ಟೆಯಿಡುವುದು. ಹೆಂಡತಿ ಅದನ್ನು ತುಳಸಿಕಟ್ಟೆಯ ಮೇಲೆ ಬಿಟ್ಟಳು. ಹೊಟ್ಟೆಯ ತುದಿಯನ್ನು ಎತ್ತಿ ಅದು ಇಡೀ ದಿನ ಕಾಯಿತು. "ಅದು ಹೆಣ್ಣು, ಹೀಗೆ ಕೂತರೆ ಗಂಡನ್ನ ಕರೀತಾ ಐತೆ ಅಂತ" ಎಂದು ಅತ್ತೆ ಹೇಳಿದರು. ಅದರ ಜೊತೆಯವುಗಳೆಲ್ಲ ಒಂದು ವಾರದ ಹಿಂದೆಯೇ ಮಾರಾಟವಾಗಿದ್ದವು, ಆ ಹಣದಲ್ಲಿ ನಾವು ಹೊಸ ಫ್ಯಾನು ತಂದಿದ್ದೆವು. ಬೆಳ್ಳಿ ಹೋಗಿ ಒಮ್ಮೆ ಮೂಸಿ, ಮುಟ್ಟದೆ ವಾಪಸು ಬಂತು. ಸಂಜೆ ಹೆಂಡತಿ, "ಇವುಗಳ ಜ್ವರದ ದಿನ ಅಲ್ವೇನ್ರೀ ನಾವು ಓಡಾಡಿದ್ದು?" ಎಂದು ಕೇಳಿದಳು. ಹೌದೆಂದೆ. ಅದಕ್ಕಿಂತ ಹೆಚ್ಚು ಇಬ್ಬರೂ ಮಾತನಾಡಲಿಲ್ಲ.

ಈಗೆಲ್ಲ ಮೊದಲ ಎರಡು ಜ್ವರಗಳು ಚಾಕಿ ಕೇಂದ್ರದಲ್ಲೇ ಮುಗಿದಿರುತ್ತವೆ. ಎರಡು ಜ್ವರ ಎದ್ದ ಹುಳುಗಳನ್ನು ತಂದು ಸಾಕುವುದರಿಂದ ಕಷ್ಟ ಕಡಿಮೆಯಾಗಿದೆ, ಬೆಳೆಯೂ ನಂಬಿಕೆಯದಾಗಿದೆ. ನಮ್ಮ ಪಾಲಿಗೆ ಬರುವ ಜ್ವರಗಳು ಮಾತ್ರ ನಾಲ್ಕರಿಂದ ಎರಡಕ್ಕೆ ಇಳಿದಿವೆ. ಮೂರನೆಯದು ನನ್ನ 11 ನೇ ತಾರೀಕಿಗೆ ಬಿದ್ದು ಹಾಳಾಯಿತು. ನಾಲ್ಕನೆಯದನ್ನು ಬಿಡಬಾರದೆಂದು ಇಂದು ರಜೆ ಹಾಕಿದ್ದೇನೆ. ಸ್ವಲ್ಪ ಮುಂಚೆ ಕಚೇರಿಯಿಂದ ಅದೇ ಹಿರಿಯರು ಫೋನು ಮಾಡಿ, ಯಾವುದೋ ಬಿಲ್ಲಿನ ಸಂಖ್ಯೆ ಕೇಳಿ, ಕೊನೆಗೆ, "ಹೇಗಿದೆ ಜ್ವರ?" ಎಂದರು. "ರಾತ್ರಿಗೆ ಏಳುತ್ತವೆ ಸಾರ್" ಎಂದೆ. "ನನಗೂ ಒಂದು ದಿನ ಬರಬಾರದೇ" ಎಂದು ನಕ್ಕು ಫೋನಿಟ್ಟರು.

ಬರೆಯುತ್ತ ನಡುವೆ ಎದ್ದು, ಪರದೆ ಸರಿಸಿ ಹುಳುಮನೆಯನ್ನು ಇಣುಕಿ ಬಂದೆ. ಸದ್ದಿಲ್ಲ. ನಿನ್ನೆ ಬೆಳಗಿನವರೆಗೆ ಸರಸರವೆನ್ನುತ್ತಿದ್ದ ಅಟ್ಟಣೆಗಳ ಮೇಲೆ ಸುಣ್ಣದ ಪುಡಿಯಷ್ಟೇ ಕಾಣುತ್ತಿದೆ. ಅಲ್ಲಲ್ಲಿ ಎದ್ದ ಹುಳುಗಳು ಸುಕ್ಕುಗಟ್ಟಿದ ಪೊರೆಯನ್ನು ಬೆನ್ನ ಹಿಂದೆ ಬಿಟ್ಟು, ಒಂದೆರಡು ಹೆಜ್ಜೆ ಸರಿದು ನಿಂತಿವೆ. ನಾಳೆಯಿಂದ ಏಳು ದಿನ ಈ ಮನೆಯಲ್ಲಿ ಯಾರಿಗೂ ಯಾರ ಮುಖವನ್ನೂ ನೋಡಲು ಪುರುಸೊತ್ತಿರುವುದಿಲ್ಲ. ಒಳಕೋಣೆಯ ಬಾಗಿಲಿಗೆ ಬಂದಾಗ ಹೆಜ್ಜೆಯ ಸಪ್ಪಳಕ್ಕೆ ಹೆಂಡತಿ ಕಣ್ಣು ತೆರೆಯದೆಯೇ, "ಎಷ್ಟು ಎದ್ದಿವೆ?" ಎಂದು ಕೇಳಿದಳು.

"ಹತ್ತಕ್ಕೆ ನಾಲ್ಕು."

"ಹಂಗಾದ್ರೆ ಇನ್ನೂ ಹೊತ್ತಿದೆ" ಎಂದು ಗೋಡೆಯ ಕಡೆಗೆ ಸರಿದು ಮಲಗಿದಳು. ಚಾಪೆಯಲ್ಲಿ ಅರ್ಧ ಜಾಗ ಖಾಲಿಯಾಯಿತು.